ಸ್ಟ್ಯಾಂಡ್ ಮೇಲೆ ತಿರುಗಿದ ಗಾಲಿ

ಹೋದ ಸಲದ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ನಮ್ಮ ಟೇಬಲ್ ಕಡೆ ಬಂದವರಿಗೆ ಒಂದು ಹಳೆ ಸೈಕಲ್ ನೆನಪಿರಬಹುದು. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆವು. ಸೀಟಿನ ಕೆಳಗೆ ಮೋಟಾರು, ಅದರ ಮೂತಿಗೊಂದು ರೋಲರು. ಸ್ವಿಚ್ ಒತ್ತಿದರೆ ರೋಲರ್ ಹಿಂದಿನ ಟೈರಿಗೆ ತಾಗಿ ಗಾಲಿ ಗಿರ್ರಂತ ತಿರುಗುತ್ತಿತ್ತು, ಡಿಸ್‌ಪ್ಲೇ ಮೇಲೆ 26 ಕಿ.ಮೀ. ಅಂತ ಬರುತ್ತಿತ್ತು. ಬಂದವರು ವಿಡಿಯೊ ಮಾಡಿಕೊಂಡರು. ನಮಗೆ ಸರ್ಟಿಫಿಕೇಟ್ ಸಿಕ್ಕಿತು. ಖುಷಿಯಾಗಿದ್ವಿ, ಸುಳ್ಳು ಯಾಕೆ ಹೇಳಲಿ.

ಅದಾಗಿ ಕೆಲವೇ ವಾರಕ್ಕೆ ಮುಂಗಾರು ಶುರುವಾಯಿತು. ಹಾನಗಲ್ ತಾಲೂಕಿನ ನಮ್ಮೂರಲ್ಲಿ ಕೆರೆ ಏರಿ ಹತ್ತೋ ಉಬ್ಬಿನ ಮೇಲೆ ಅದೇ ಸೈಕಲ್ ಒಂದು ಮಾರು ಮುಂದಕ್ಕೆ ಹೋಗಲಿಲ್ಲ. ಓಡಿಸುತ್ತಿದ್ದವಳು ನನ್ನ ತಂಗಿ, ಪಿಯುಸಿ ಓದುವವಳು. ಎಂಟನೇ ಕ್ಲಾಸಿನಲ್ಲಿ ನನಗೆ ಸರ್ಕಾರದ ಸೈಕಲ್ ಬಂದಿತ್ತು. 2006–07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ನಂತರ ನಿಂತುಹೋದದ್ದರಿಂದ ಅವಳಿಗೆ ಬರಲಿಲ್ಲ. ನನ್ನದೇ ಅವಳಿಗೆ ಹೋಯಿತು. ಅದಕ್ಕೇ ನಾವು ಮೋಟಾರು ಕಟ್ಟಿದ್ದು. ರೋಲರ್ ಕಿರ್ರ್ ಅಂತ ತಿರುಗ್ತಾ ಇದೆ, ಗಾಲಿ ನಿಂತಲ್ಲೇ ನಿಂತಿದೆ. ಅವಳು ಇಳಿದು, ಬ್ಯಾಗು ಕ್ಯಾರಿಯರಿಗೆ ಸಿಕ್ಕಿಸಿ ಹೇಳಿದ್ದು ಇಷ್ಟು: "ಅಣ್ಣಾ, ನಿನ್ನ ಮೋಟ್ರು ಟೈರ್ ತಿಕ್ಕಾಕ ಹತ್ತೈತಿ. ಸೈಕಲ್ ದಬ್ಬಾಕಿ ನಾನ."

ಆವತ್ತು ಅವಳ ಮೊದಲ ಪಿರಿಯಡ್ ಹೋಯಿತು. ಮೋಟಾರಿಗೆ ಜಾಗ ಮಾಡೋಕೆ ಅಂತ ನಾವು ಮಡ್‌ಗಾರ್ಡ್ ಕತ್ತರಿಸಿದ್ದರಿಂದ ಯೂನಿಫಾರ್ಮಿನ ಬೆನ್ನ ಮೇಲೆಲ್ಲ ಕೆಸರು. ಅವ್ವ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚಲೋ ಇತ್ತು.

ಈ ಲೇಖನ ಬರೆಯುತ್ತಿರೋದು ಆ ದಿನದಿಂದ. ನನ್ನ ಮಾತು ಎರಡು. ಒಂದು, ಇಂಥ ಪ್ರಾಜೆಕ್ಟುಗಳಿಗೆ ಸ್ಟ್ಯಾಂಡ್ ಮೇಲೆ ಮಾರ್ಕ್ಸ್ ಕೊಡೋದು ನಿಲ್ಲಬೇಕು. ಎರಡು, ನಮ್ಮ ಕಡೆ ಸೈಕಲ್ಲುಗಳಿಗೆ ಮೋಟಾರು ಕಟ್ಟೋದಾದರೆ ಎಲ್ಲರೂ ನಕ್ಕು ಬಿಟ್ಟ ಈ ರೋಲರ್ ಮೋಟಾರೇ ಮೊದಲು ಕಟ್ಟಬೇಕಾದ್ದು. ಕೆರೆ ಏರಿ ಮೇಲೆ ಮರ್ಯಾದೆ ಕಳಕೊಂಡವನೇ ಎರಡನೇ ಮಾತು ಹೇಳ್ತಿದ್ದಾನಲ್ಲ ಅಂತ ನಿಮಗೆ ಅನಿಸಬಹುದು. ಸ್ವಲ್ಪ ತಡೀರಿ.

ಅಜ್ಜನ ಡೈನಮೋ, ತಿರುವು ಮುರುವು

ಹಳೆ ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಬಾಟಲಿ ಆಕಾರದ್ದು, ತಲೆಯ ಮೇಲೆ ಸಣ್ಣ ಹಲ್ಲಿನ ಚಕ್ರ. ರಾತ್ರಿ ಆದಾಗ ಅದನ್ನು ಟೈರಿಗೆ ಒತ್ತಿದರೆ ಟೈರು ಅದನ್ನು ತಿರುಗಿಸುತ್ತೆ, ಮುಂದಿನ ಲೈಟು ಹತ್ತುತ್ತೆ. 6 ವೋಲ್ಟು, 3 ವ್ಯಾಟು. ಸೈಕಲ್ ಭಾರ ಆಗುತ್ತೆ ಅಂತ ಬೆಳದಿಂಗಳಿದ್ದ ದಿನ ನಮ್ಮಜ್ಜ ಅದನ್ನು ಹಾಕುತ್ತಿರಲಿಲ್ಲ. ಫ್ರಿಕ್ಷನ್ ಡ್ರೈವ್ ಅಂದರೆ ಇದೇ ಡೈನಮೋ ತಿರುವು ಮುರುವು. ಅಲ್ಲಿ ಟೈರು ರೋಲರನ್ನು ತಿರುಗಿಸಿತು, ಇಲ್ಲಿ ರೋಲರು ಟೈರನ್ನು ತಿರುಗಿಸುತ್ತೆ. ಚೈನಿಲ್ಲ, ಗೇರಿಲ್ಲ. ಉಜ್ಜುವಿಕೆ ಒಂದೇ ಬಂಡವಾಳ.

ಹೊಸ ಐಡಿಯಾ ಏನಲ್ಲ. ಫ್ರಾನ್ಸಿನ ವೆಲೊಸೊಲೆಕ್ಸ್ 1946ರಿಂದ ಸುಮಾರು ನಲವತ್ತು ವರ್ಷ ಮುಂದಿನ ಗಾಲಿ ಮೇಲೆ ರೋಲರ್ ಕೂರಿಸಿದ ಪುಟ್ಟ ಪೆಟ್ರೋಲ್ ಇಂಜಿನ್ನಿನ ಸೈಕಲ್ಲನ್ನೇ ಮಾರಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಪ್ ಕಂಪನಿ ಅದೇ ತತ್ವವನ್ನು ಕರೆಂಟಿನ ಮೋಟಾರಿಗೆ ತಂದಿತು. ಆಮೇಲೆ ಹಬ್ ಮೋಟಾರು ಅಗ್ಗವಾಗಿ ಬಂದಮೇಲೆ ರೋಲರನ್ನು ಜನ ಮರೆತರು. ನಮ್ಮ ಗೈಡ್ ಕೂಡ ಮೊದಲು ಕೇಳಿದ್ದು ಅದನ್ನೇ: "ಹಬ್ ಮೋಟಾರ್ ಬಿಟ್ಟು ಇದ್ಯಾಕೆ?"

ಕಾರಣ ಕಡ್ಡಿ. ನಮ್ಮ ಸೈಕಲ್ಲಿನ ಗಾಲಿ ಎಣಿಸಿದ್ವಿ: ಮುಂದೆ 32 ಕಡ್ಡಿ, ಹಿಂದೆ 40. ಹಳೆ ಬ್ರಿಟಿಷ್ ಮಾದರಿಯಿಂದ ಬಂದ ರೋಡ್‌ಸ್ಟರ್‌ಗಳ ಲೆಕ್ಕವೇ ಹಾಗೆ. ಹಬ್ ಮೋಟಾರಿನ ಕಿಟ್ಟುಗಳು ಸಾಮಾನ್ಯವಾಗಿ 36 ತೂತಿನವು. ಅಂದರೆ ರಿಮ್ಮು ಬದಲಿಸಿ, ಕಡ್ಡಿ ಹೆಣೆಸಿ, ಎಳೆತ ಸರಿ ಮಾಡಿಸಬೇಕು. ಹಿಂದಿನ ಗಾಲಿ ಪಂಕ್ಚರ್ ಆದರೆ ವೈರು ಬಿಚ್ಚಿ, ಭಾರದ ಗಾಲಿ ಇಳಿಸಿ ಕೂರಬೇಕು. ಮಳೆಗಾಲದಲ್ಲಿ ಬೇಡ ಅಂದರೆ ತೆಗೆದಿಡೋಕೂ ಆಗಲ್ಲ. ರೋಲರ್ ಮೋಟಾರು ಹಾಗಲ್ಲ, ನಾಲ್ಕು ನಟ್ಟು ಬಿಚ್ಚಿದರೆ ಕೈಗೆ ಬಂತು. ಬೆಳಿಗ್ಗೆ ತಂಗಿ ಕಾಲೇಜಿಗೆ, ಸಂಜೆ ಅಪ್ಪ ಹೊಲಕ್ಕೆ ಅಂತ ಒಂದೇ ಸೈಕಲ್ ಇರೋ ಮನೆಗೆ ಇದು ಸಣ್ಣ ಅನುಕೂಲ ಅಲ್ಲ. ಸೈಕಲ್ ಅಂಗಡಿಯ ಕಾಕಾನಿಗೆ ಇದನ್ನು ಒಮ್ಮೆ ತೋರಿಸಿದ್ದಕ್ಕೆ ಅರ್ಥವಾಯಿತು. ಹಬ್ ಮೋಟಾರನ್ನು ಬಿಚ್ಚೋ ಧೈರ್ಯ ನನಗೇ ಇಲ್ಲ.

ಸ್ಟ್ಯಾಂಡ್ ಏನನ್ನು ಮುಚ್ಚಿಟ್ಟಿತು

ನಮ್ಮದು 24 ವೋಲ್ಟಿನ ಬ್ಯಾಟರಿ. ಮೋಟಾರು ವೋಲ್ಟಿಗೆ ನಿಮಿಷಕ್ಕೆ 190 ಸುತ್ತಿನದ್ದು. ಗುಣಿಸಿದರೆ 4,560 ಸುತ್ತು. ರೋಲರ್ ವ್ಯಾಸ 30 ಮಿ.ಮೀ., ಅಂದರೆ ಒಂದು ಸುತ್ತಿಗೆ 9.4 ಸೆಂ.ಮೀ. ಗಂಟೆಗೆ 26 ಕಿ.ಮೀ. ಹತ್ತಿರ ಬಂತು. ಎಕ್ಸಿಬಿಷನ್‌ನಲ್ಲಿ ಕಂಡದ್ದು ಈ ಅಂಕಿ. ಇದರಲ್ಲಿ ಸೈಕಲ್ ತುಳಿಯೋ ಮನುಷ್ಯ ಇಲ್ಲ, ಗಾಳಿ ಇಲ್ಲ, ಏರು ಇಲ್ಲ, ಕೆಸರಿಲ್ಲ. ಹೊರೆ ಇಲ್ಲದ ಮೋಟಾರಿನ ವೇಗವನ್ನು ನಾವು ಸೈಕಲ್ಲಿನ ವೇಗ ಅಂತ ಬೋರ್ಡಿಗೆ ಬರೆದಿದ್ದೆವು. ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಈಗ ರಸ್ತೆಯ ಲೆಕ್ಕ ನೋಡಿ. ಮನುಷ್ಯ, ಸೈಕಲ್, ಬ್ಯಾಗು, ಬ್ಯಾಟರಿ ಎಲ್ಲ ಸೇರಿ 90 ಕೆ.ಜಿ. ಅಂತ ಹಿಡಿಯೋಣ. ಸಮತಟ್ಟಾದ ಡಾಂಬರಿನ ಮೇಲೆ 20 ಕಿ.ಮೀ. ವೇಗಕ್ಕೆ ಟೈರಿನ ಹತ್ತಿರ ಸುಮಾರು 100 ವ್ಯಾಟ್ ಬೇಕು. ಎದುರಿನಿಂದ 15 ಕಿ.ಮೀ. ಗಾಳಿ ಬಂದರೆ ಅದೇ ವೇಗಕ್ಕೆ ಸುಮಾರು 230 ವ್ಯಾಟ್. ನೂರು ಮೀಟರಿಗೆ ನಾಲ್ಕು ಮೀಟರ್ ಏರೋ ಉಬ್ಬಿನಲ್ಲಿ, ವೇಗ 12ಕ್ಕೆ ಇಳಿಸಿದರೂ ಸುಮಾರು 155 ವ್ಯಾಟ್. ಆಗ ಟೈರಿನ ಅಂಚಿನಲ್ಲಿ ಬೇಕಾದ ಎಳೆತ 47 ನ್ಯೂಟನ್.

47 ಅಂದರೆ ದೊಡ್ಡದೇನಲ್ಲ. ಆದರೆ ರೋಲರ್ ಆ ಎಳೆತವನ್ನು ಉಜ್ಜುವಿಕೆಯಿಂದ ಮಾತ್ರ ಕೊಡಬಲ್ಲದು. ಒಣ ಟೈರಿಗೆ ಫ್ರಿಕ್ಷನ್ ಗುಣಾಂಕ 0.7 ಅಂತ ಹಿಡಿದರೆ ರೋಲರ್ ಟೈರನ್ನು 67 ನ್ಯೂಟನ್‌ನಿಂದ ಒತ್ತಬೇಕು. ಕೆಸರು ಮೆತ್ತಿ ಅದು 0.2ಕ್ಕೆ ಇಳಿಯಿತು ಅನ್ನಿ, 235 ನ್ಯೂಟನ್‌ನಿಂದ ಒತ್ತಬೇಕು. ಒಂದು ಅಕ್ಕಿ ಚೀಲ ಇಟ್ಟಷ್ಟು ಭಾರ. ನಮ್ಮ ಸ್ಪ್ರಿಂಗ್ ಕೊಡುತ್ತಿದ್ದದ್ದು ಒಣ ಟೈರಿನ ಲೆಕ್ಕಕ್ಕೂ ಅಷ್ಟಕ್ಕಷ್ಟೆ. ಅಂಥದ್ದರಲ್ಲಿ ಮಡ್‌ಗಾರ್ಡ್ ಕತ್ತರಿಸಿ ಕೆಸರಿಗೆ ನಾವೇ ಬಾಗಿಲು ತೆಗೆದಿದ್ದೆವು. ಕೆರೆ ಏರಿ ಮೇಲೆ ಆದದ್ದು ಬಿ.ಇ. ಮೊದಲ ವರ್ಷದ ಮೆಕ್ಯಾನಿಕ್ಸ್. ನಾಲ್ಕು ವರ್ಷದ ಕೊನೆಗೆ ಅದು ನಮಗೆ ತಿಳಿದದ್ದು ತಂಗಿಯ ಬಾಯಿಂದ.

ಸ್ಪ್ರಿಂಗನ್ನು ಇನ್ನೂ ಬಿಗಿ ಮಾಡಿದರೆ ಮುಗೀತಲ್ಲ ಅನ್ನಬೇಡಿ. ಹಾಗೆ ಮಾಡಿದರೆ ಮೋಟಾರ್ ಆಫ್ ಇದ್ದಾಗಲೂ ರೋಲರ್ ಟೈರನ್ನು ಕಚ್ಚಿಕೊಂಡೇ ಇರುತ್ತೆ, ಅಜ್ಜನ ಡೈನಮೋಗಿಂತ ಹತ್ತು ಪಾಲು ಭಾರ. ಎರಡನೇ ಸಲ ನಾವು ಮೋಟಾರನ್ನು ತೂಗಾಡೋ ತೋಳಿನ ಮೇಲೆ ಕೂರಿಸಿದೆವು. ದನ ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತಲ್ಲ, ಹಾಗೆ: ಮೋಟಾರು ಟೈರನ್ನು ಎಷ್ಟು ಜೋರಾಗಿ ತಳ್ಳುತ್ತೋ ಆ ತಳ್ಳಾಟದ ಪ್ರತಿಕ್ರಿಯೆಯೇ ರೋಲರನ್ನು ಅಷ್ಟು ಜೋರಾಗಿ ಟೈರಿಗೆ ಒತ್ತುತ್ತೆ. ಸ್ವಿಚ್ ಬಿಟ್ಟರೆ ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತೆ, ಸೈಕಲ್ ಸಾದಾ ಸೈಕಲ್ ಆಗುತ್ತೆ. ತೋಳು ಮಿತಿ ಮೀರಿ ಒಳಗೆ ಹೋಗಿ ಗಾಲಿ ಜಾಮ್ ಆಗದಂತೆ ಒಂದು ತಡೆ ಬೋಲ್ಟು ಕಡ್ಡಾಯ. ತೋಳಿನ ಕೋನ ಎಷ್ಟಿರಬೇಕು ಅನ್ನೋದರ ಮೇಲೆ ಮೂರು ಸಲ ವೆಲ್ಡಿಂಗ್ ಬಿಚ್ಚಿಸಿದ್ವಿ. ಒಂದು ಒಳ್ಳೆಯ ವಿಷಯ ಅಂದರೆ, ರೋಡ್‌ಸ್ಟರ್‌ನಲ್ಲಿ ಸೀಟಿನ ಪೈಪಿಗೂ ಹಿಂದಿನ ಟೈರಿಗೂ ನಡುವೆ ಜಾಗ ಧಾರಾಳ. ಈಗಿನ ಫ್ಯಾನ್ಸಿ ಸೈಕಲ್ಲುಗಳಲ್ಲಿ ಬೆರಳು ತೂರೋಕೂ ಆಗಲ್ಲ.

ಜಾರುವಿಕೆಯನ್ನು ಅಳೆಯೋದೂ ಸುಲಭ. ರೋಲರಿಗೊಂದು, ಗಾಲಿಗೊಂದು ಹಾಲ್ ಸೆನ್ಸರ್. ಎರಡರ ಅಂಚಿನ ವೇಗ ಹೋಲಿಸಿ. ವ್ಯತ್ಯಾಸ ಬಂದಷ್ಟೂ ಬ್ಯಾಟರಿಯ ದುಡ್ಡು ಟೈರಿನ ಪುಡಿಯಾಗಿ ಹೋಗ್ತಿದೆ ಅಂತ ಅರ್ಥ. ಸ್ಟ್ಯಾಂಡ್ ಮೇಲೆ ಈ ವ್ಯತ್ಯಾಸ ಹೆಚ್ಚುಕಮ್ಮಿ ಸೊನ್ನೆ.

ನಾಲ್ಕು ತಾಲೂಕು, ನಾಲ್ಕು ಉತ್ತರ

ನಮ್ಮ ಬ್ಯಾಚಿನ ನಾಲ್ವರೂ ಹಾವೇರಿ ಜಿಲ್ಲೆಯವರೇ, ಆದರೆ ಒಬ್ಬೊಬ್ಬ ಒಂದೊಂದು ತಾಲೂಕು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ರಜೆಯಲ್ಲಿ ಮೋಟಾರನ್ನು ಸರದಿ ಮೇಲೆ ಮನೆಗೆ ಒಯ್ದೆವು. ಒಂದೇ ಮೋಟಾರಿಗೆ ನಾಲ್ಕು ಊರು ನಾಲ್ಕು ತರಹ ಮಾರ್ಕ್ಸ್ ಕೊಟ್ಟವು.

ಹಾನಗಲ್ ಕಡೆ ಅರೆಮಲೆನಾಡು. ಭತ್ತದ ಗದ್ದೆ, ಕೆರೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೋಲರ್ ಇಲ್ಲಿ ಕೆಲಸಕ್ಕೆ ಬರೋಲ್ಲ, ಬಿಚ್ಚಿಡಬೇಕು. ಸುಗ್ಗಿಯಿಂದ ಬೇಸಿಗೆವರೆಗೆ ಅಡ್ಡಿಯಿಲ್ಲ.

ಸವಣೂರಿನ ದೋಸ್ತನ ಊರಿನದು ಎರಿ ಭೂಮಿ. ಮಳೆ ಬಿದ್ದರೆ ಎರಿ ಮಣ್ಣು ಗಾಲಿಗೆ ರೊಟ್ಟಿ ಹಿಟ್ಟಿನಂಗ ಹತ್ತಿಕೊಳ್ಳುತ್ತೆ. ಮೋಟಾರು ಬಿಡಿ, ಬರೀ ಸೈಕಲ್ಲನ್ನೂ ಹೆಗಲ ಮೇಲೆ ಹೊರಬೇಕು. ಆದರೆ ಒಣಗಿದ ಮೇಲೆ ಸಮತಟ್ಟಾದ ಉದ್ದನೆ ದಾರಿ. ನಮ್ಮ ಮೋಟಾರು ಅತಿ ದೂರ ಓಡಿದ್ದು ಅಲ್ಲೇ. ಧೂಳು ಬೇರಿಂಗಿಗೆ ಹೋಗದಂತೆ ಸೀಲ್ ಇರೋ ಬೇರಿಂಗ್ ಹಾಕಬೇಕು ಅನ್ನೋ ಪಾಠವನ್ನೂ ಸವಣೂರೇ ಕಲಿಸಿತು.

ಶಿಗ್ಗಾವಿಯಲ್ಲಿ ಸಮಸ್ಯೆ ಗಾಳಿ ಮತ್ತು ಹೈವೇ. ಆಷಾಢದ ಪಡುವಣ ಗಾಳಿಗೆ ಎದುರಾಗಿ ತುಳಿದವರಿಗೆ ಮೇಲಿನ 230 ವ್ಯಾಟ್ ಲೆಕ್ಕ ತೊಡೆಯಲ್ಲೇ ಗೊತ್ತು. ಮೋಟಾರು ನಿಜವಾಗಿ ಬೇಕು ಅನಿಸಿದ್ದು ಇಲ್ಲಿ. ಆದರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಲಾರಿಗಳ ಪಕ್ಕ 20 ಕಿ.ಮೀ. ವೇಗದ ಸೈಕಲ್ ಓಡಿಸೋದು ಹುಡುಗಾಟಿಕೆ. ಸರ್ವಿಸ್ ರೋಡು, ಹಳ್ಳಿ ರಸ್ತೆ ಮಾತ್ರ.

ಹಿರೇಕೆರೂರಿನ ಗೆಳೆಯ ಏರುತಗ್ಗಿನ ದಾರಿಯಲ್ಲಿ ಕ್ಯಾರಿಯರ್ ಮೇಲೆ ಗೋವಿನಜೋಳದ ಚೀಲ ಹೇರಿ ನೋಡಿದ. ಏರಿನಲ್ಲಿ ಮೋಟಾರು ಕೈ ಸುಡುವಷ್ಟು ಬಿಸಿಯಾಯಿತು, ಟೈರಿನ ನಡುಭಾಗ ಕಣ್ಣಿಗೆ ಕಾಣುವಷ್ಟು ಸವೆಯಿತು. ಹಾಲಿನ ಕ್ಯಾನು, ಕಾಳಿನ ಚೀಲ ಹೊರೋರಿಗೆ ಇದನ್ನು ಮಾರಲು ಹೋಗಬೇಡಿ ಅಂತ ಅವನ ಅಪ್ಪ ಹೇಳಿದ್ದು ಪೂರ್ತಿ ಸರಿ. "ತಮ್ಮಾ, ಮಂದಿ ನಂಬಿ ಹೇರತಾರ. ಹೇರಿದಮ್ಯಾಲ ನಿಂತರ ನಿಮ್ಮನ್ನ ಬೈತಾರ," ಅಂದರು.

240 ವ್ಯಾಟ್-ಅವರ್ ಬ್ಯಾಟರಿಯಲ್ಲಿ, ರೋಲರ್, ಮೋಟಾರು, ಕಂಟ್ರೋಲರ್ ಎಲ್ಲ ಕೂಡಿ ಸುಮಾರು ಶೇಕಡಾ 30 ತಿಂದುಹಾಕುತ್ತವೆ ಅಂತಿಟ್ಟುಕೊಂಡರೆ, ಸಮತಟ್ಟಿನಲ್ಲಿ ತುಳಿಯದೇ 30 ಕಿ.ಮೀ. ಆಚೀಚೆ. ಎದುರು ಗಾಳಿಗೆ ಅದು 15ಕ್ಕೆ ಇಳಿಯುತ್ತೆ. ಅರ್ಧ ಕಾಲು, ಅರ್ಧ ಮೋಟಾರು ಅಂತ ಹೊಂದಿಕೊಂಡರೆ ದೂರ ಇಮ್ಮಡಿ. ಚಾರ್ಜಿಗೆ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಕರೆಂಟು. ಇಷ್ಟು ಸಾಕು ಅನ್ನೋರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ.

ಬಸ್ಸಿದೆಯಲ್ಲ, ಸ್ಕೂಟರ್ ಇದೆಯಲ್ಲ

ಈ ಮಾತು ಎಲ್ಲರೂ ಕೇಳಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ತಂಗಿಗೆ ಬಸ್ಸು ಪುಕ್ಕಟೆ. ನಿಜ, ಒಳ್ಳೆಯದೇ. ಆದರೆ ಟಿಕೆಟ್ಟು ಪುಕ್ಕಟೆ ಆದ ಮಾತ್ರಕ್ಕೆ ಬಸ್ಸು ಊರೊಳಗೆ ಬರೋದಿಲ್ಲ. ನಮ್ಮಂಥ ಊರಿಂದ ಬಸ್ಸು ನಿಲ್ಲೋ ಕ್ರಾಸಿನವರೆಗೆ ಮೂರ್ನಾಲ್ಕು ಕಿಲೋಮೀಟರ್ ಹೋಗಬೇಕು. ಸೈಕಲ್ ಬೇಕಾಗಿರೋದು ಆ ತುಂಡಿಗೆ, ಮತ್ತು ಸಂಜೆ ಪ್ರಾಕ್ಟಿಕಲ್ಸ್ ಮುಗಿದಾಗ ಬಸ್ಸು ಹೋಗಿಬಿಟ್ಟಿರೋ ದಿನಕ್ಕೆ. ಪ್ರಾಕ್ಟಿಕಲ್ಸ್ ಇದೆ ಅಂತಲೇ ಸೈನ್ಸ್ ಬಿಟ್ಟು ಆರ್ಟ್ಸ್ ತಗೊಂಡ ಹುಡುಗಿಯರು ನಮ್ಮೂರಲ್ಲೇ ಇದ್ದಾರೆ.

ಇನ್ನು ಎಲೆಕ್ಟ್ರಿಕ್ ಸ್ಕೂಟರ್. ತಗೊಳ್ಳೋ ಶಕ್ತಿ ಇದ್ದವರು ತಗೊಳ್ಳಲಿ. ನಾನು ಹೇಳ್ತಿರೋದು ಅಷ್ಟು ಸಾಲ ಮಾಡೋಕಾಗದ, ಆದರೆ ಮೂಲೆಯಲ್ಲಿ ಒಂದು ಸೈಕಲ್ ಇರೋ ಮನೆಗಳ ವಿಷಯ.

ಕಾನೂನಿನ ಮಾತೂ ಆಡಲೇಬೇಕು, ಯಾಕಂದರೆ ಯೂಟ್ಯೂಬ್ ನೋಡಿ ಕಿಲೋವ್ಯಾಟ್ ಮೋಟಾರು ಕಟ್ಟೋ ಹುಮ್ಮಸ್ಸು ಕ್ಯಾಂಪಸ್ಸಿನಲ್ಲಿ ಜಾಸ್ತಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಪವರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ರೇಕು ಮತ್ತು ಹಿಂದೆ ಮುಂದೆ ರಿಫ್ಲೆಕ್ಟರ್ ಇರಬೇಕು. ಅಂಥದ್ದನ್ನು ಮೋಟಾರು ವಾಹನ ಅಂತ ಎಣಿಸೋದಿಲ್ಲ. ಆದರೆ ಈ ಷರತ್ತುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ಹಾಗಾಗಿ ನಾವು ಕಟ್ಟಿದ್ದು ಪ್ರಯೋಗ, ಅಂಗಡಿಯಲ್ಲಿಟ್ಟು ಮಾರೋ ಸರಕಲ್ಲ. ಸ್ಟ್ಯಾಂಡ್ ಮೇಲೆ 26 ಬಂತು ಅಂತ ಬೀಗಿದ್ದೆವಲ್ಲ, ಈಗ ಕಂಟ್ರೋಲರಿನಲ್ಲಿ ಅದನ್ನು 20ಕ್ಕೆ ಕಟ್ಟಿಹಾಕಿದ್ದೇವೆ. ಸ್ಟೀಲ್ ರಿಮ್ಮಿಗೆ ರಬ್ಬರ್ ಬ್ರೇಕು ಒದ್ದೆಯಾದಾಗ ಹೇಗೆ ಹಿಡಿಯುತ್ತೆ ಅಂತ ಗೊತ್ತಿದ್ದವರು ಅದಕ್ಕಿಂತ ಹೆಚ್ಚು ಕೇಳೋಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟಾರು ಕಟ್ ಆಗಬೇಕು. ಬ್ಯಾಟರಿಗೆ ಬಿಎಂಎಸ್ ಮತ್ತು ಫ್ಯೂಸ್ ಬೇಕು. ರೋಲರಿಗೆ ಸುತ್ತಲೂ ಮುಚ್ಚಳ ಬೇಕು. ಈ ಕೊನೆಯದನ್ನು ನಾವು ಯೋಚಿಸಿರಲೇ ಇಲ್ಲ. ನಾವು ನಾಲ್ವರೂ ಪ್ಯಾಂಟು ಹಾಕೋರು. "ನನ್ನ ದುಪಟ್ಟಾ ಸಿಕ್ಕೊಂಡ್ರ?" ಅಂತ ತಂಗಿ ಕೇಳಿದಾಗ ಮುಚ್ಚಳ ಬಂತು.

ಹಾಗಾದರೆ ಏನು ಮಾಡೋಣ

ನಮ್ಮಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರೋರು ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳೋಲ್ಲ. ಅವರನ್ನು ಬೈದು ಪ್ರಯೋಜನ ಕಡಿಮೆ. ಸ್ಟ್ಯಾಂಡ್ ಮೇಲೆ ತಿರುಗಿದರೆ ಸಾಕು ಅನ್ನೋ ಪರೀಕ್ಷೆಗೆ ಕೊಂಡು ತಂದದ್ದೂ ಸಾಕು, ನಾವು ಕಷ್ಟಪಟ್ಟು ತಪ್ಪಾಗಿ ಕಟ್ಟಿದ್ದೂ ಸಾಕು. ಎರಡಕ್ಕೂ ಒಂದೇ ಸರ್ಟಿಫಿಕೇಟು. ಪರೀಕ್ಷೆ ಬದಲಾದರೆ ಉಳಿದದ್ದು ತಾನಾಗೇ ಬದಲಾಗುತ್ತೆ.

ಅದಕ್ಕೆ ನನ್ನ ಬೇಡಿಕೆ ಇಷ್ಟು. ಓಡೋ ಪ್ರಾಜೆಕ್ಟು ಓಡಿಸಿಯೇ ತೋರಿಸಬೇಕು: ಕಾಲೇಜಿನ ಗೇಟಿನಿಂದ ಹತ್ತು ಕಿಲೋಮೀಟರ್, ಅದರಲ್ಲಿ ಒಂದು ಏರು, ಒಂದು ಮಣ್ಣಿನ ದಾರಿ, ಕಟ್ಟಿದವರಲ್ಲದ ಬೇರೊಬ್ಬರ ಕೈಯಲ್ಲಿ. ಎಲ್ಲಿ ಸೋತಿತು ಅಂತ ರಿಪೋರ್ಟಿನಲ್ಲಿ ಒಂದು ಅಧ್ಯಾಯ ಇರಬೇಕು, ಅದಕ್ಕೂ ಮಾರ್ಕ್ಸ್ ಇರಬೇಕು. ಸೋಲಿಗೆ ಮಾರ್ಕ್ಸ್ ಕಟ್ ಆಗುತ್ತೆ ಅಂದರೆ ಯಾರು ನಿಜ ಬರೀತಾರೆ? ನಾವೂ ಬರೆದಿರಲಿಲ್ಲ.

ನಮ್ಮ ಕನ್ನಡ ಬಳಗಕ್ಕೂ ಒಂದು ಕೆಲಸ ಇದೆ. ರಾಜ್ಯೋತ್ಸವಕ್ಕೆ ಡೊಳ್ಳು ಹೊಡೆದು ಮುಗಿಸೋ ಬದಲು ಇಂಥ ಪ್ರಾಜೆಕ್ಟುಗಳಿಗೆ ನಾಲ್ಕು ಪುಟದ ಕನ್ನಡ ಕೈಪಿಡಿ ಬರೆಯೋಣ. ಗ್ರಂಥದ ಭಾಷೆ ಬೇಡ. ಘರ್ಷಣ ಚಾಲನೆ ಅಂತ ಬರೆದರೆ ಕಾಕಾ ಮಡಚಿ ಒಳಗಿಡ್ತಾನೆ. ರೋಲರು, ಗಾಲಿ, ಕಡ್ಡಿ, ನಟ್ಟು ಅಂತ ಬರೆದರೆ ಸಾಮಾನು ತೆಗೀತಾನೆ. ಜೊತೆಗೆ, ಎಲ್ಲಿ ಇದು ನಡೆಯೋಲ್ಲ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕು: ಮಳೆಯಲ್ಲಿ ಬೇಡ, ಎರಿ ಕೆಸರಿನಲ್ಲಿ ಬೇಡ, ಹೇರಿನ ಮೇಲೆ ಬೇಡ. ಮುಂದಿನ ಬ್ಯಾಚಿನವರು ನಮ್ಮ ತೋಳಿನ ಡ್ರಾಯಿಂಗ್ ತಗೊಂಡು ಮುಂದಕ್ಕೆ ಒಯ್ಯಲಿ. ಒದ್ದೆಯಲ್ಲೂ ಹಿಡಿಯೋ ರೋಲರ್ ಮೇಲ್ಮೈ ಯಾವುದು ಅನ್ನೋ ಪ್ರಶ್ನೆ ಇನ್ನೂ ಹಾಗೇ ಇದೆ. ಎಮೆರಿ ಹಾಳೆ ಅಂಟಿಸಿ ನೋಡಿದ್ವಿ, ಹಿಡಿತ ಬಂತು, ಟೈರು ಹೋಯಿತು.

ಸದ್ಯ ಮೋಟಾರು ನಮ್ಮ ಮನೆ ಅಟ್ಟದ ಮೇಲಿದೆ, ಮಳೆಗಾಲ ನೋಡಿ. ಕತ್ತರಿಸಿದ ಮಡ್‌ಗಾರ್ಡಿಗೆ ಹಳೆ ಟ್ಯೂಬಿನ ರಬ್ಬರು ಹೊಲಿದು ಕಾಕಾ ಸರಿ ಮಾಡಿಕೊಟ್ಟಿದ್ದಾನೆ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಮತ್ತೆ ಕೂರಿಸ್ತೀವಿ. ಹೋದ ಬೇಸಿಗೆಯಲ್ಲಿ ಎರಡನೇ ಸಲ ಕಟ್ಟಿದ್ದನ್ನು ತಂಗಿ ಅದೇ ಕೆರೆ ಏರಿ ಹತ್ತಿಸಿದಳು. ನಾನು ಹಿಂದೆ ಓಡ್ತಾ ಇದ್ದೆ, ಮತ್ತೆ ನಿಂತೀತು ಅಂತ. ನಿಲ್ಲಲಿಲ್ಲ. ಮೇಲೆ ಹೋಗಿ ತಿರುಗಿ ನೋಡಿ, "ಬಾ ಅಣ್ಣಾ, ಯಾಕ ತೇಕಾಕ ಹತ್ತಿ?" ಅಂದಳು.

ಮುಂದಿನ ಎಕ್ಸಿಬಿಷನ್‌ಗೆ ಆ ಸೈಕಲ್ ಮತ್ತೆ ತರ್ತೀವಿ. ಟೇಬಲ್ ಬೇಡ ಅಂತ ಈಗಲೇ ಹೇಳಿದ್ದೇವೆ. ಗೇಟಿನ ಹತ್ತಿರ ಬನ್ನಿ, ನೀವೇ ಹತ್ತಿ ನೋಡಿ.